ಓದುಗರ ಪ್ರಶ್ನೆ: ತಿಮಿಂಗಿಲಗಳನ್ನು ಕಿವಿಯಿಂದ ಎಣಿಸಬಹುದೇ?

ಕಳೆದ ಸಂಚಿಕೆಯಲ್ಲಿ ನಾನೊಂದು ಸಣ್ಣ ಟಿಪ್ಪಣಿ ಬರೆದಿದ್ದೆ. ಸಮುದ್ರದೊಳಗೆ ಮೈಕ್ ಇಳಿಸಿ, ಅದರಲ್ಲಿ ದಾಖಲಾದ ಸದ್ದಿನಿಂದ ತಿಮಿಂಗಿಲಗಳ ಸಂಖ್ಯೆ ಅಂದಾಜು ಮಾಡುತ್ತಾರೆ ಎಂದು ಅದರಲ್ಲಿತ್ತು. ಅದಕ್ಕೆ ಬಂದ ಪತ್ರಗಳು ಒಂದಕ್ಕಿಂತ ಒಂದು ಚೆನ್ನಾಗಿವೆ. ಈ ನೀರೊಳಗಿನ ಮೈಕ್‌ಗಳಿಗೆ ಹೈಡ್ರೋಫೋನ್ ಎನ್ನುತ್ತೇವೆ. ಅವುಗಳ ದಾಖಲೆಗಳನ್ನು ಕೇಳಿ, ಸೋಸಿ, ಲೆಕ್ಕಕ್ಕೆ ಸಿದ್ಧ ಮಾಡುವುದೇ ನನ್ನ ಕೆಲಸ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ.

ಪ್ರಶ್ನೆ: ತಿಮಿಂಗಿಲ ಉಸಿರಾಡಲು ಮೇಲೆ ಬರಲೇಬೇಕು. ಅಷ್ಟು ದೊಡ್ಡ ಪ್ರಾಣಿ. ಹಡಗಿನಿಂದ ನೋಡಿ ಎಣಿಸಿದರೆ ಆಗುವುದಿಲ್ಲವೇ? (ಒಂಬತ್ತನೇ ತರಗತಿ ವಿದ್ಯಾರ್ಥಿನಿ)

ಆಗುತ್ತದೆ ಪುಟ್ಟಿ, ಈಗಲೂ ಎಣಿಸುತ್ತಾರೆ. ಹಡಗು ನೇರ ಗೆರೆಯಲ್ಲಿ ಸಾಗುತ್ತದೆ, ನೋಡುವವರು ದುರ್ಬೀನು ಹಿಡಿದು ಕೂರುತ್ತಾರೆ. ಕಂಡದ್ದನ್ನು, ಅದು ಎಷ್ಟು ದೂರದಲ್ಲಿತ್ತು ಎಂಬುದನ್ನು ಬರೆದುಕೊಳ್ಳುತ್ತಾರೆ. ತೊಂದರೆ ಏನೆಂದರೆ, ತಿಮಿಂಗಿಲ ತನ್ನ ಬದುಕಿನ ಜಾಸ್ತಿ ಸಮಯ ಕಳೆಯುವುದು ನೀರಿನ ಕೆಳಗೆ. ಸ್ಪರ್ಮ್ ತಿಮಿಂಗಿಲ ಒಮ್ಮೆ ಮುಳುಗಿದರೆ ಮುಕ್ಕಾಲು ಗಂಟೆ ಕಾಣುವುದಿಲ್ಲ. ಕೊಕ್ಕಿನ ತಿಮಿಂಗಿಲಗಳು ಎಂಬ ಗುಂಪಿದೆ. ಅವು ಇನ್ನೂ ಕಷ್ಟ. ಆ ಗುಂಪಿನ ಕುವಿಯರ್ ತಿಮಿಂಗಿಲ 3 ಗಂಟೆ 42 ನಿಮಿಷ ಮುಳುಗಿದ್ದ ದಾಖಲೆ 2020ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಹಡಗು ಎಷ್ಟೋ ಮೈಲಿ ಮುಂದೆ ಹೋಗಿರುತ್ತದೆ. ಜೊತೆಗೆ ರಾತ್ರಿ, ಮಂಜು, ಎತ್ತರದ ಅಲೆ, ಹಿಮಗಡ್ಡೆ. ಇವು ಯಾವುದಿದ್ದರೂ ಕಣ್ಣು ಸೋಲುತ್ತದೆ.

ಸದ್ದಿಗೆ ಈ ತೊಂದರೆಗಳಿಲ್ಲ. ಸಮುದ್ರದಲ್ಲಿ 200 ಮೀಟರ್ ಕೆಳಗೆ ಇಳಿದರೆ ಬೆಳಕು ಹೆಚ್ಚೂಕಡಿಮೆ ಮುಗಿದೇ ಹೋಗುತ್ತದೆ. ಸದ್ದು ಮಾತ್ರ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಓಡುತ್ತದೆ. ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟು ಜಾಸ್ತಿ ವೇಗ ಇದು. ನೀಲಿ ತಿಮಿಂಗಿಲದ ಮಂದ್ರ ಸ್ವರ ನೂರಾರು ಕಿಲೋಮೀಟರ್ ದೂರಕ್ಕೂ ಹೋಗುತ್ತದೆ. 2013ರಲ್ಲಿ ಆಸ್ಟ್ರೇಲಿಯ ನೇತೃತ್ವದ ತಂಡವೊಂದು ದಕ್ಷಿಣ ಸಾಗರದಲ್ಲಿ ಮೊದಲು ಕೇಳಿ, ಸದ್ದು ಬಂದ ದಿಕ್ಕಿಗೆ ಹಡಗು ತಿರುಗಿಸಿ, ಕೊನೆಗೆ ನೀಲಿ ತಿಮಿಂಗಿಲಗಳನ್ನು ಕಣ್ಣಾರೆ ಕಂಡಿತು. ಅಂಟಾರ್ಕ್ಟಿಕದ ನೀಲಿ ತಿಮಿಂಗಿಲಗಳು ಬೇಟೆಗೆ ಮುಂಚೆ ಸುಮಾರು 2,39,000 ಇದ್ದವು. 1998ರ ಅಂದಾಜಿನಲ್ಲಿ ಉಳಿದಿದ್ದವು ಸುಮಾರು 2,280. ಅಷ್ಟು ದೊಡ್ಡ ಸಾಗರದಲ್ಲಿ ಇಷ್ಟು ಕಡಿಮೆ ಪ್ರಾಣಿಗಳನ್ನು ಸುಮ್ನೆ ನೋಡುತ್ತಾ ಹುಡುಕಲು ಹೊರಟರೆ ವರ್ಷಗಳೇ ಹೋಗುತ್ತವೆ.

ಕಣ್ಣು, ಕಿವಿ ಎರಡನ್ನೂ ಒಂದೇ ಹಡಗಿನಲ್ಲಿ ಬಳಸಿದ ಉದಾಹರಣೆಯೂ ಇದೆ. 1997ರಲ್ಲಿ ಪೆಸಿಫಿಕ್‌ನ ಈಶಾನ್ಯ ಭಾಗದಲ್ಲಿ ಹಡಗಿನ ಹಿಂದೆ ಹೈಡ್ರೋಫೋನ್‌ಗಳ ಉದ್ದನೆಯ ಕೇಬಲ್ ಎಳೆದುಕೊಂಡು ಹೋದರು. ಸ್ಪರ್ಮ್ ತಿಮಿಂಗಿಲಗಳ ಸಂಖ್ಯೆ ಕಣ್ಣಿನ ಲೆಕ್ಕದಲ್ಲಿ 26,300 ಬಂತು, ಕಿವಿಯ ಲೆಕ್ಕದಲ್ಲಿ 32,100. ಎರಡೂ ಹತ್ತಿರ ಹತ್ತಿರವೇ ಇವೆ. ನನಗೆ ಮುಖ್ಯ ಅನಿಸುವುದು ಬೇರೆ ಅಂಶ. ಕಿವಿಯ ಲೆಕ್ಕದಲ್ಲಿದ್ದ ಅನಿಶ್ಚಿತತೆ ಕಣ್ಣಿನದಕ್ಕಿಂತ ಅರ್ಧಕ್ಕೂ ಕಡಿಮೆ ಇತ್ತು.

ಪ್ರಶ್ನೆ: ಒಂದೇ ತಿಮಿಂಗಿಲ ದಿನಕ್ಕೆ ಸಾವಿರ ಸಲ ಕೂಗಬಹುದು. ಸಾವಿರ ಕೂಗು ಅಂದರೆ ಸಾವಿರ ತಿಮಿಂಗಿಲ ಅಲ್ಲ. ಇದು ಕತ್ತಲೆ ಕೋಣೆಯಲ್ಲಿ ಕೆಮ್ಮು ಕೇಳಿ ಜನರನ್ನು ಎಣಿಸಿದ ಹಾಗಾಯಿತು. ಸಂಖ್ಯೆ ಹೇಗೆ ಬರುತ್ತದೆ? (ನಿವೃತ್ತ ಗಣಿತ ಶಿಕ್ಷಕರು)

ಮೇಷ್ಟ್ರೇ, ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ನಿಮ್ಮ ಕತ್ತಲೆ ಕೋಣೆಯನ್ನೇ ಇಟ್ಟುಕೊಳ್ಳೋಣ. ಒಬ್ಬ ಮನುಷ್ಯ ಗಂಟೆಗೆ ಸರಾಸರಿ ಎಷ್ಟು ಸಲ ಕೆಮ್ಮುತ್ತಾನೆ ಎಂದು ಗೊತ್ತಿರಬೇಕು. ನಿಮ್ಮ ಕಿವಿಗೆ ಎಷ್ಟು ದೂರದ ಕೆಮ್ಮು ಕೇಳಿಸುತ್ತದೆ ಎಂದು ಗೊತ್ತಿರಬೇಕು. ಕೇಳಿಸಿದ್ದರಲ್ಲಿ ಎಷ್ಟು ನಿಜವಾದ ಕೆಮ್ಮು, ಎಷ್ಟು ಕುರ್ಚಿಯ ಕಿರುಗುಟ್ಟುವಿಕೆ ಎಂದೂ ಗೊತ್ತಿರಬೇಕು. ಈ ಮೂರೂ ಇದ್ದರೆ ಜನ ಎಷ್ಟು ಎಂದು ಭಾಗಾಕಾರ ಮಾಡಿ ಹೇಳಬಹುದು. ಒಂದು ಗೊತ್ತಿಲ್ಲದಿದ್ದರೂ ಹೇಳಲಾಗುವುದಿಲ್ಲ.

ಒಂದು ಊಹೆಯ ಲೆಕ್ಕ ಮಾಡಿ ತೋರಿಸುತ್ತೇನೆ. ಅಂಕಿಗಳು ಲೆಕ್ಕದ ಸುಲಭಕ್ಕೆ ಇಟ್ಟುಕೊಂಡವು. ಹೈಡ್ರೋಫೋನ್ ಸುತ್ತ 10 ಕಿಲೋಮೀಟರ್ ತ್ರಿಜ್ಯದ ವೃತ್ತ ಅಂದುಕೊಳ್ಳಿ. ವಿಸ್ತೀರ್ಣ ಸುಮಾರು 314 ಚದರ ಕಿಲೋಮೀಟರ್. ಕೆಲವು ತಿಮಿಂಗಿಲಗಳು ಕೂಗುವ ಬದಲು ಚಿಟಿಕೆ ಹೊಡೆದಂಥ ಪುಟ್ಟ ಸದ್ದು ಮಾಡುತ್ತವೆ, ಅದಕ್ಕೆ ಕ್ಲಿಕ್ ಎನ್ನುತ್ತೇವೆ. ಒಂದು ದಿನದಲ್ಲಿ 12,000 ಕ್ಲಿಕ್ ಸದ್ದು ದಾಖಲಾಯಿತು. ಅದರಲ್ಲಿ ಹತ್ತಕ್ಕೆ ಒಂದು ಸುಳ್ಳು ಸದ್ದು. ಉಳಿದದ್ದು 10,800. ವೃತ್ತದೊಳಗೆ ಹುಟ್ಟಿದ ಹತ್ತು ಕ್ಲಿಕ್‌ಗಳಲ್ಲಿ ಮೂರು ಮಾತ್ರ ನಮ್ಮ ಯಂತ್ರಕ್ಕೆ ಸಿಗುತ್ತವೆ. ಅಂದರೆ ನಿಜಕ್ಕೂ ಹುಟ್ಟಿದ್ದು 36,000. ಒಂದು ಪ್ರಾಣಿ ದಿನಕ್ಕೆ ಸರಾಸರಿ 9,000 ಕ್ಲಿಕ್ ಮಾಡುತ್ತದೆ ಎಂದಾದರೆ, ಆ ವೃತ್ತದಲ್ಲಿ ಸರಾಸರಿ 4 ಪ್ರಾಣಿಗಳಿದ್ದವು. 1,000 ಚದರ ಕಿಲೋಮೀಟರಿಗೆ ಸುಮಾರು 13.

ಈಗ ಒಂದೇ ಒಂದು ಅಂಕಿ ಬದಲಿಸಿ. ದಿನಕ್ಕೆ 9,000 ಅಲ್ಲ, 4,500 ಕ್ಲಿಕ್ ಅನ್ನಿ. ಪ್ರಾಣಿಗಳ ಸಂಖ್ಯೆ 8 ಆಗಿಬಿಡುತ್ತದೆ! ದಾಖಲೆಯಲ್ಲಿ ಏನೂ ಬದಲಾಗಿಲ್ಲ. ಸಮುದ್ರದಲ್ಲೂ ಬದಲಾಗಿಲ್ಲ. ನಮ್ಮ ತಿಳಿವಳಿಕೆಯಲ್ಲಿ ಒಂದು ಅಂಕಿ ಬದಲಾಯಿತು, ಅಷ್ಟೇ. ಸದ್ದನ್ನು ಎಣಿಸುವುದನ್ನು ಕಂಪ್ಯೂಟರ್ ಮಾಡುತ್ತದೆ. ಒಂದು ಪ್ರಾಣಿ ಎಷ್ಟು ಸದ್ದು ಮಾಡುತ್ತದೆ, ಅದರಲ್ಲಿ ನಮಗೆಷ್ಟು ಕೇಳಿಸುತ್ತದೆ ಎಂದು ತಿಳಿಯುವುದೇ ನಿಜವಾದ ಕೆಲಸ. ವರ್ಷಗಟ್ಟಲೆ ಹಿಡಿಯುವುದು ಅದಕ್ಕೇ.

ಅದನ್ನು ತಿಳಿಯುವುದು ಹೇಗೆ? ಬಹಾಮಾಸ್‌ನಲ್ಲಿ ನಡೆದ ಕೆಲಸವನ್ನು ಹೇಳುತ್ತೇನೆ. ಈ ಕ್ಷೇತ್ರಕ್ಕೆ ಬರುವ ಹೊಸಬರಿಗೆಲ್ಲ ನಾನು ಮೊದಲು ಓದಿ ಅನ್ನುವುದು ಇದನ್ನೇ. ಅಲ್ಲಿ 'ಟಂಗ್ ಆಫ್ ದಿ ಓಷನ್' ಎಂಬ ಆಳವಾದ ಸಮುದ್ರ ಭಾಗವಿದೆ. ಅಮೆರಿಕದ ನೌಕಾಪಡೆ ತನ್ನ ಪರೀಕ್ಷೆಗಳಿಗೆಂದು ಅದರ ತಳದಲ್ಲಿ ಹೈಡ್ರೋಫೋನ್‌ಗಳ ಜಾಲ ಹಾಸಿದೆ. ಬ್ಲೇನ್‌ವಿಲ್ ಎಂಬ ಜಾತಿಯ ಕೊಕ್ಕಿನ ತಿಮಿಂಗಿಲಗಳು ಅಲ್ಲಿ ವಾಸಿಸುತ್ತವೆ. 2000ದ ಮಾರ್ಚ್‌ನಲ್ಲಿ ನೌಕಾಪಡೆ ಸೋನಾರ್ (ಜೋರು ಸದ್ದು ಹೊರಡಿಸಿ, ಅದರ ಮಾರ್ದನಿಯಿಂದ ನೀರೊಳಗಿನ ವಸ್ತುಗಳನ್ನು ಪತ್ತೆ ಹಚ್ಚುವ ಯಂತ್ರ) ಬಳಸಿದ ಹೊತ್ತಿನಲ್ಲಿ ಬಹಾಮಾಸ್ ತೀರಗಳಿಗೆ ಹಲವು ತಿಮಿಂಗಿಲಗಳು ಬಂದು ಬಿದ್ದಿದ್ದವು. ಹೆಚ್ಚಿನವು ಕೊಕ್ಕಿನ ತಿಮಿಂಗಿಲಗಳೇ. ಹಾಗಾಗಿ ಆ ಪ್ರಾಣಿಗಳು ಅಲ್ಲಿ ಎಷ್ಟಿವೆ ಎಂಬ ಪ್ರಶ್ನೆಗೆ ತುಂಬ ತೂಕವಿತ್ತು.

2005ರ ವಸಂತದಲ್ಲಿ 82 ಹೈಡ್ರೋಫೋನ್‌ಗಳು 6 ದಿನದಲ್ಲಿ 30 ಲಕ್ಷಕ್ಕೆ ಹತ್ತಿರ ಹತ್ತಿರ ಕ್ಲಿಕ್ ದಾಖಲಿಸಿದವು. ಒಂದು ಪ್ರಾಣಿ ಎಷ್ಟು ಕ್ಲಿಕ್ ಮಾಡುತ್ತದೆ ಎಂದು ತಿಳಿಯಲು 5 ತಿಮಿಂಗಿಲಗಳ ಬೆನ್ನಿಗೆ ರಬ್ಬರ್ ಸಕ್ಷನ್ ಕಪ್ ಇರುವ ಪುಟ್ಟ ಯಂತ್ರ ಅಂಟಿಸಿ ತೆಗೆದ ದಾಖಲೆಗಳಿದ್ದವು. ಆ ಯಂತ್ರ ಸದ್ದನ್ನೂ ದಾಖಲಿಸುತ್ತದೆ, ಆಳವನ್ನೂ ಚಲನೆಯನ್ನೂ ದಾಖಲಿಸುತ್ತದೆ. ಕೆಲವು ಗಂಟೆಗಳಾದ ಮೇಲೆ ತಾನೇ ಬಿಟ್ಟುಕೊಂಡು ಮೇಲೆ ತೇಲುತ್ತದೆ. ಇಲ್ಲಿ ಒಂದು ಜಾಣತನವಿದೆ. ಬೆನ್ನಿನ ಯಂತ್ರದಲ್ಲಿ ದಾಖಲಾದ ಪ್ರತಿ ಕ್ಲಿಕ್ಕೂ ನಿಜವಾಗಿ ಹುಟ್ಟಿದ ಕ್ಲಿಕ್. ಅದೇ ಕ್ಲಿಕ್ ತಳದ ಯಾವ ಹೈಡ್ರೋಫೋನಿಗೆ ಕೇಳಿಸಿತು, ಯಾವುದಕ್ಕೆ ಕೇಳಿಸಲಿಲ್ಲ ಎಂದು ಹೋಲಿಸಿ ನೋಡಿದರು. ಎಷ್ಟು ದೂರದಲ್ಲಿ, ಪ್ರಾಣಿಯ ಮುಖ ಯಾವ ಕಡೆ ಇದ್ದರೆ, ಕೇಳಿಸುವ ಸಾಧ್ಯತೆ ಎಷ್ಟು ಎಂಬುದು ಹೀಗೆ ಸಿಕ್ಕಿತು. ಮುಖದ ದಿಕ್ಕು ಯಾಕೆ ಮುಖ್ಯ ಅಂದರೆ, ಈ ಪ್ರಾಣಿಗಳ ಕ್ಲಿಕ್ ಟಾರ್ಚ್ ಬೆಳಕಿನಂತೆ ಕಿರಿದಾಗಿ ಮುಂದಕ್ಕೇ ಹೋಗುತ್ತದೆ. ತಲೆ ಆಚೆ ತಿರುಗಿದ್ದರೆ ಹತ್ತಿರವಿದ್ದರೂ ಕೇಳಿಸದೇ ಹೋಗಬಹುದು.

ಉತ್ತರ: 1,000 ಚದರ ಕಿಲೋಮೀಟರಿಗೆ 22.5 ಅಥವಾ 25.3 ಪ್ರಾಣಿ. ಎರಡು ಅಂಕಿ ಯಾಕೆ? ಸುಳ್ಳು ಸದ್ದುಗಳ ಪಾಲನ್ನು ಎರಡು ರೀತಿ ಊಹಿಸಬಹುದಿತ್ತು. ಅವರು ಎರಡನ್ನೂ ಕೊಟ್ಟರು. ಅಂಕಿಗಿಂತ ಆ ಪ್ರಾಮಾಣಿಕತೆ ನನಗೆ ಹೆಚ್ಚು ಇಷ್ಟ.

ಪ್ರಶ್ನೆ: ಹೈಡ್ರೋಫೋನ್‌ನಿಂದ ತಿಮಿಂಗಿಲಗಳಿಗೆ ತೊಂದರೆ ಇಲ್ಲವೇ? (ಹಲವರು)

ಇಲ್ಲ. ಹೈಡ್ರೋಫೋನ್ ಕೇಳುತ್ತದೆ ಅಷ್ಟೇ, ಸದ್ದು ಹೊರಡಿಸುವುದಿಲ್ಲ. ಸೋನಾರ್ ಜೊತೆ ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ. ತಳದಲ್ಲಿಡುವ ದಾಖಲೆ ಯಂತ್ರಕ್ಕೆ ಒಂದು ಭಾರ, ಒಂದು ತೇಲು, ಬ್ಯಾಟರಿ ಇರುತ್ತವೆ. ತಿಂಗಳುಗಳಾದ ಮೇಲೆ ಹಡಗು ಬಂದು ಸಂಕೇತ ಕೊಟ್ಟಾಗ ಭಾರ ಕಳಚಿ ಯಂತ್ರ ಮೇಲೆ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ. ಒಂದು ವರ್ಷದ ಸಮುದ್ರ ಅಲ್ಲೇ ಉಳಿದುಬಿಡುತ್ತದೆ, ಅದಕ್ಕೆ ಬದಲಿ ಇಲ್ಲ.

ಪ್ರಶ್ನೆ: ಸದ್ದು ಕೇಳಿಸದಿದ್ದರೆ ತಿಮಿಂಗಿಲ ಇಲ್ಲ ಎಂದರ್ಥವೇ? (ಗೃಹಿಣಿ, ಪತ್ರಿಕೆಯ ಹಳೆಯ ಓದುಗರು)

ಇಲ್ಲ ಅಮ್ಮ. ಇಷ್ಟೂ ಪತ್ರಗಳಲ್ಲಿ ನಿಮ್ಮ ಪ್ರಶ್ನೆಯೇ ಎಲ್ಲಕ್ಕಿಂತ ಆಳವಾದದ್ದು.

ಮೊದಲನೆಯದಾಗಿ ಎಲ್ಲ ತಿಮಿಂಗಿಲಗಳೂ ಹಾಡುವುದಿಲ್ಲ. ಹಂಪ್‌ಬ್ಯಾಕ್ ತಿಮಿಂಗಿಲಗಳಲ್ಲಿ ಹಾಡುವುದು ಗಂಡು ಮಾತ್ರ. ಫಿನ್ ತಿಮಿಂಗಿಲ, ನೀಲಿ ತಿಮಿಂಗಿಲಗಳ ಹಾಡೂ ಗಂಡಿನದೇ. ಹಾಡು ಕೇಳಿ ಸಂಖ್ಯೆ ಹೇಳಲು ಹೊರಟರೆ ಹೆಣ್ಣು, ಮರಿ ಎಲ್ಲ ಲೆಕ್ಕದ ಹೊರಗೆ. ಗಂಡು ಹೆಣ್ಣಿನ ಪ್ರಮಾಣ ಬೇರೆ ಕಡೆಯಿಂದ ಗೊತ್ತಿರಬೇಕು. ಕಾಲಕ್ಕೆ ತಕ್ಕಂತೆಯೂ ಬದಲಾಗುತ್ತದೆ. ಮೇಯುವ ಕಾಲದಲ್ಲಿ ಕಡಿಮೆ ಹಾಡಿ ಕೂಡುವ ಕಾಲದಲ್ಲಿ ಜಾಸ್ತಿ ಹಾಡಿದರೆ, ದಾಖಲೆ ನೋಡಿದವರಿಗೆ ಪ್ರಾಣಿಗಳೇ ಬಂದು ಹೋದಂತೆ ಕಾಣಬಹುದು. ಕೊಕ್ಕಿನ ತಿಮಿಂಗಿಲಗಳಂತೂ ಆಳಕ್ಕೆ ಬೇಟೆಗೆ ಇಳಿದಾಗ ಮಾತ್ರ ಕ್ಲಿಕ್ ಮಾಡುತ್ತವೆ. ಮೇಲ್ಮೈ ಹತ್ತಿರ ಮೌನ.

ಎರಡನೆಯದು ಹಡಗುಗಳ ಗದ್ದಲ. ಇದರ ಬಗ್ಗೆ ನನಗೆ ನಿಜಕ್ಕೂ ಸಂಕಟವಿದೆ. ದೊಡ್ಡ ಹಡಗಿನ ಎಂಜಿನ್, ಪ್ರೊಪೆಲ್ಲರ್‌ಗಳ ಮೊರೆತ ಇರುವುದು ದೊಡ್ಡ ತಿಮಿಂಗಿಲಗಳ ಮಂದ್ರ ಸ್ವರಗಳ ಜಾಗದಲ್ಲೇ. ಸದ್ದಿನ ಮಟ್ಟವನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಗದ್ದಲ 6 ಡೆಸಿಬಲ್ ಏರಿತು ಅಂದುಕೊಳ್ಳಿ. ಸದ್ದು ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಸರಳ ಲೆಕ್ಕದಲ್ಲಿ, ದೂರ ಎರಡರಷ್ಟಾದಾಗ ಸದ್ದು 6 ಡೆಸಿಬಲ್ ಇಳಿಯುತ್ತದೆ. ಅಂದರೆ 6 ಡೆಸಿಬಲ್ ಗದ್ದಲ ಏರಿದರೆ ನಮಗೆ ಕೇಳಿಸುವ ದೂರ ಅರ್ಧವಾಗುತ್ತದೆ. ದೂರ ಅರ್ಧವಾದರೆ ವೃತ್ತದ ವಿಸ್ತೀರ್ಣ ಕಾಲು ಭಾಗ! ಗದ್ದಲವನ್ನು ಲೆಕ್ಕಕ್ಕೆ ಸೇರಿಸದವರು ತಿಮಿಂಗಿಲಗಳಲ್ಲಿ ಮುಕ್ಕಾಲು ಪಾಲು ಸತ್ತವು ಎಂದು ಬರೆದುಬಿಡಬಹುದು. ಪ್ರಾಣಿಗಳು ಅಲ್ಲೇ ಇರುತ್ತವೆ. ಅವು ಪರಸ್ಪರ ಕೇಳಿಸಿಕೊಳ್ಳುವ ದೂರವೂ ಕುಗ್ಗಿರುತ್ತದೆ ಎಂಬುದನ್ನು ಮರೆಯಬೇಡಿ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆನಡಾದ ಫಂಡಿ ಕೊಲ್ಲಿಯಲ್ಲಿ ಕೆಲವು ದಿನ ಹಡಗು ಸಂಚಾರ ತಗ್ಗಿತು. ನೀರೊಳಗಿನ ಗದ್ದಲ 6 ಡೆಸಿಬಲ್ ಇಳಿಯಿತು. ಅದೇ ಹೊತ್ತಿಗೆ ಅಲ್ಲಿನ ರೈಟ್ ತಿಮಿಂಗಿಲಗಳ ಮಲದಲ್ಲಿ ಒತ್ತಡದ ಹಾರ್ಮೋನು ಕಡಿಮೆಯಾದದ್ದು ಕಂಡುಬಂತು. ನಾನು ಪ್ರತಿ ದಾಖಲೆಯಲ್ಲೂ ಕೂಗುಗಳಿಗಿಂತ ಮೊದಲು ಹಿನ್ನೆಲೆ ಗದ್ದಲ ಅಳೆಯುವುದು ಇದಕ್ಕೇ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಈಗ ಎಲ್ಲ ಕೃತಕ ಬುದ್ಧಿಮತ್ತೆ ಮಾಡುತ್ತದೆ ಅಲ್ವಾ? ಮನುಷ್ಯರು ಕೂತು ಕೇಳುವುದು ಯಾಕೆ?

ಹುಡುಕುವ ಕೆಲಸವನ್ನು ಯಂತ್ರವೇ ಮಾಡುತ್ತದೆ, ಮಾಡಲೇಬೇಕು. ವರ್ಷಗಳ ದಾಖಲೆಯನ್ನು ಯಾವ ಮನುಷ್ಯರೂ ಪೂರ್ತಿ ಕೇಳಲಾರರು. ಪೆಸಿಫಿಕ್ ದ್ವೀಪಗಳ ಹತ್ತಿರ ಹಲವು ವರ್ಷ ಸಂಗ್ರಹಿಸಿದ ದಾಖಲೆಗಳಲ್ಲಿ ಹಂಪ್‌ಬ್ಯಾಕ್ ಹಾಡು ಹುಡುಕಲು ಅಮೆರಿಕದ ಸಾಗರ ಸಂಸ್ಥೆ ನೋವಾ ಮತ್ತು ಗೂಗಲ್ ಸೇರಿ ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ) ತಯಾರಿಸಿವೆ. ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಆದರೆ ಯಂತ್ರ ಎಷ್ಟು ಸಲ ತಪ್ಪುತ್ತದೆ ಎಂದು ಅಳೆಯಲು ಮನುಷ್ಯರು ಬೇಕು. ಮೇಷ್ಟ್ರ ಲೆಕ್ಕದಲ್ಲಿ ಹತ್ತಕ್ಕೆ ಒಂದು ಸುಳ್ಳು ಅಂದೆನಲ್ಲ, ಆ ಅಂಕಿ ಬರುವುದು ಹೀಗೆ. ಯಂತ್ರ ಹಿಡಿದದ್ದರಲ್ಲಿ ಒಂದಿಷ್ಟನ್ನು ಯಾದೃಚ್ಛಿಕವಾಗಿ ಆರಿಸಿ, ಒಂದೊಂದನ್ನೂ ಸ್ಪೆಕ್ಟ್ರೋಗ್ರಾಂ ಎಂಬ ಧ್ವನಿಚಿತ್ರದಲ್ಲಿ ನೋಡುತ್ತೇವೆ, ಹೆಡ್‌ಫೋನಿನಲ್ಲಿ ಕೇಳುತ್ತೇವೆ. ಸಿಗಡಿಗಳ ಚಟಚಟ, ಹಡಗಿನ ಆಳ ಅಳೆಯುವ ಯಂತ್ರದ ಟಿಕ್ ಟಿಕ್, ಡಾಲ್ಫಿನ್ ಗುಂಪು, ಇವೆಲ್ಲ ಕ್ಲಿಕ್‌ಗಳ ವೇಷದಲ್ಲಿ ಬಂದಿರುತ್ತವೆ. ಬೇಸರದ ಕೆಲಸ ಅಂತ ಹೊಸಬರು ಅನ್ನುತ್ತಾರೆ. ನನಗೆ ಇದೇ ಇಡೀ ಕೆಲಸದ ಬೆನ್ನೆಲುಬು.

ಇನ್ನೊಂದು ಅಪಾಯ ಹೇಳುತ್ತೇನೆ, ನಿಮ್ಮ ಕ್ಷೇತ್ರದವರಿಗೆ ಇದು ಇಷ್ಟವಾಗುತ್ತದೆ. ನೀಲಿ ತಿಮಿಂಗಿಲಗಳ ಸ್ವರ ದಶಕಗಳಿಂದ ಇಳಿಯುತ್ತಾ ಬಂದಿದೆ. ಪೆಸಿಫಿಕ್‌ನ ಈಶಾನ್ಯ ಭಾಗದಲ್ಲಿ 1960ರ ದಶಕದಿಂದ ಈಚೆಗೆ ಅದರ ಆವರ್ತನ 31% ಕೆಳಗಿಳಿದಿದೆ ಎಂದು 2009ರಲ್ಲಿ ಪ್ರಕಟವಾಯಿತು. ಬೇರೆ ಸಾಗರಗಳಲ್ಲೂ ಇಳಿಕೆ ಕಂಡಿದೆ. ಕಾರಣದ ಬಗ್ಗೆ ಇನ್ನೂ ಒಮ್ಮತವಿಲ್ಲ. ಹಳೆಯ ಆವರ್ತನಕ್ಕೆ ಹೊಂದಿಸಿದ ಪತ್ತೆ ಪ್ರೋಗ್ರಾಂ ಅನ್ನು ಹಾಗೇ ಬಿಟ್ಟರೆ ಏನಾಗುತ್ತದೆ? ವರ್ಷದಿಂದ ವರ್ಷಕ್ಕೆ ಅದು ಕಡಿಮೆ ಕೂಗುಗಳನ್ನು ಹಿಡಿಯುತ್ತದೆ. ಹೆಚ್ಚುತ್ತಿರುವ ಪ್ರಾಣಿ ಕಡಿಮೆಯಾಗುತ್ತಿದೆ ಎಂಬ ತೀರ್ಮಾನ ಬಂದುಬಿಡುತ್ತದೆ.

ಪ್ರಶ್ನೆ: ದನಿಯಿಂದ ಒಂದೊಂದು ತಿಮಿಂಗಿಲವನ್ನೂ ಗುರುತಿಸಬಹುದೇ? ಹಾಡುಗಾರರ ದನಿ ನಮಗೆ ತಕ್ಷಣ ತಿಳಿಯುತ್ತದಲ್ಲ. (ಸಂಗೀತ ಕಲಿಸುವವರು)

ಹೆಚ್ಚಿನ ತಿಮಿಂಗಿಲಗಳಲ್ಲಿ ಸಾಧ್ಯವಿಲ್ಲ. ಒಂದು ಪ್ರದೇಶದ ಹಂಪ್‌ಬ್ಯಾಕ್ ಗಂಡುಗಳೆಲ್ಲ ಹೆಚ್ಚೂಕಡಿಮೆ ಒಂದೇ ಹಾಡು ಹಾಡುತ್ತವೆ. ಹಾಡು ಬದಲಾದಾಗ ಎಲ್ಲರದೂ ಬದಲಾಗುತ್ತದೆ. ಅದರಲ್ಲಿ ಯಾರು ಯಾರೆಂದು ಬೇರ್ಪಡಿಸಲಾಗದು.

ಆದರೆ ದನಿ ಬೇರೆ ವಿಷಯ ಹೇಳುತ್ತದೆ. ಸ್ಪರ್ಮ್ ತಿಮಿಂಗಿಲದ ಒಂದು ಕ್ಲಿಕ್ ಒಳಗೆ ಹಲವು ಪುಟ್ಟ ಮಿಡಿತಗಳಿರುತ್ತವೆ. ಸದ್ದು ಅದರ ದೊಡ್ಡ ತಲೆಯೊಳಗೆ ಹಿಂದೆ ಮುಂದೆ ಪುಟಿಯುವುದರಿಂದ ಹೀಗಾಗುತ್ತದೆ. ಮಿಡಿತಗಳ ನಡುವಿನ ಅಂತರ ಅಳೆದರೆ ತಲೆಯ ಉದ್ದ ಸಿಗುತ್ತದೆ, ಅದರಿಂದ ದೇಹದ ಉದ್ದ. ಪ್ರಾಣಿಯನ್ನು ನೋಡದೆ, ಅದು ದೊಡ್ಡ ಗಂಡೋ ಅಲ್ಲವೋ ಎಂದು ಅಂದಾಜು ಮಾಡಬಹುದು. ಹಲವು ಹೈಡ್ರೋಫೋನ್‌ಗಳಿದ್ದರೆ ಇನ್ನೂ ಒಳ್ಳೆಯದು. ಒಂದೇ ಸದ್ದು ಒಂದೊಂದಕ್ಕೆ ಒಂದೊಂದು ಕ್ಷಣದಲ್ಲಿ ತಲುಪುತ್ತದೆ. ಆ ವ್ಯತ್ಯಾಸದಿಂದ ಪ್ರಾಣಿ ಎಲ್ಲಿದೆ ಎಂದು ಗುರುತಿಸಿ, ಬೇರೆ ಬೇರೆ ಜಾಗದಿಂದ ಬರುವ ಸದ್ದುಗಳನ್ನು ಬೇರೆ ಬೇರೆ ಪ್ರಾಣಿಗಳೆಂದು ನೇರವಾಗಿಯೇ ಎಣಿಸಬಹುದು.

ನೀಲಿ ತಿಮಿಂಗಿಲಗಳಲ್ಲಿ ಹಾಡು ಒಂದು ಸಮುದಾಯದ ಗುರುತು. ಪ್ರತಿ ಸಮುದಾಯಕ್ಕೂ ತನ್ನದೇ ಹಾಡಿದೆ. 2021ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಹಿಂದೂ ಮಹಾಸಾಗರದಲ್ಲಿ ಪಿಗ್ಮಿ ನೀಲಿ ತಿಮಿಂಗಿಲಗಳ ಹೊಸ ಸಮುದಾಯವೊಂದಿದೆ ಎಂದು ತೋರಿಸಿದ್ದು ಹಾಡಿನಿಂದಲೇ. ಅದಕ್ಕೆ ಚಾಗೋಸ್ ಸಮುದಾಯ ಎಂಬ ಹೆಸರಿಟ್ಟರು. ದಾಖಲೆ ಸಿಕ್ಕಿದ್ದು ಎಲ್ಲಿಂದ ಗೊತ್ತೇ? ಕದ್ದು ನಡೆಸುವ ಪರಮಾಣು ಪರೀಕ್ಷೆಗಳನ್ನು ಪತ್ತೆ ಹಚ್ಚಲು ಅಂತರರಾಷ್ಟ್ರೀಯ ಸಂಸ್ಥೆ ಸಮುದ್ರದಲ್ಲಿಟ್ಟ ಹೈಡ್ರೋಫೋನ್‌ಗಳಿಂದ. ಬಾಂಬಿನ ಸದ್ದಿಗೆ ಕಾದಿದ್ದ ಯಂತ್ರಗಳು ಎರಡು ದಶಕಗಳ ಕಾಲ ಈ ಹಾಡನ್ನು ದಾಖಲಿಸುತ್ತಾ ಬಂದಿದ್ದವು. ಯಾವ ಉದ್ದೇಶಕ್ಕೆ ಮಾಡಿದ ದಾಖಲೆಯನ್ನೂ ಅಳಿಸಬೇಡಿ ಎಂದು ನಾನು ಎಲ್ಲರನ್ನೂ ಬೇಡಿಕೊಳ್ಳುವುದು ಇದಕ್ಕೆ.

ಪ್ರಶ್ನೆ: ಬಾಲ್ಟಿಕ್ ಸಮುದ್ರದ ಪೋರ್ಪಸ್‌ಗಳ ಸಂಖ್ಯೆ 71ರಿಂದ 1,105 ಎಂದು ಓದಿದೆ. ಇಷ್ಟು ಅಗಲದ ಉತ್ತರವನ್ನು ಲೆಕ್ಕ ಅನ್ನುತ್ತಾರೆಯೇ? (ಬ್ಯಾಂಕ್ ಉದ್ಯೋಗಿ)

ಅನ್ನುತ್ತಾರೆ, ಅನ್ನಬೇಕು. ಪೋರ್ಪಸ್ ಅಂದರೆ ತಿಮಿಂಗಿಲಗಳ ಪುಟ್ಟ ನೆಂಟ. ಬಾಲ್ಟಿಕ್ ಸುತ್ತಲಿನ 8 ದೇಶಗಳು ಸೇರಿ 304 ಜಾಗಗಳಲ್ಲಿ ಕ್ಲಿಕ್ ದಾಖಲಿಸುವ ಯಂತ್ರ ಇಟ್ಟವು. 2011ರಿಂದ 2013ರವರೆಗೆ ಎರಡು ವರ್ಷ ಕೆಲಸ ನಡೆಯಿತು. ಬಂದ ಅಂದಾಜು 491. ಅದರ ಜೊತೆಗೇ 71ರಿಂದ 1,105 ಎಂಬ ವ್ಯಾಪ್ತಿಯನ್ನೂ ಕೊಟ್ಟರು. ಪ್ರಾಣಿಗಳು ಕಡಿಮೆ ಇದ್ದಾಗ ಕ್ಲಿಕ್ ಸಿಗುವುದೂ ಕಡಿಮೆ, ಹಾಗಾಗಿ ವ್ಯಾಪ್ತಿ ಅಗಲ. 491 ಎಂದಷ್ಟೇ ಬರೆದಿದ್ದರೆ ನಿಮಗೆ ನೆಮ್ಮದಿ ಆಗುತ್ತಿತ್ತು, ಆದರೆ ಅದು ಸುಳ್ಳು ನೆಮ್ಮದಿ. ವ್ಯಾಪ್ತಿ ಕೊಡದೆ ಒಂಟಿ ಅಂಕಿ ಕೊಟ್ಟ ವರದಿಯನ್ನು ನಾನು ನಂಬುವುದಿಲ್ಲ. ನಿಮ್ಮ ಬ್ಯಾಂಕಿನ ಪುಸ್ತಕದಲ್ಲಿ ಪ್ರತಿ ರೂಪಾಯಿಯೂ ಕಣ್ಣಿಗೆ ಕಾಣುತ್ತದೆ. ಇಲ್ಲಿ ಕಾಣುವುದಿಲ್ಲ, ಅದನ್ನು ಬಚ್ಚಿಡದೆ ಹೇಳುತ್ತೇವೆ.

ಅಗಲವಾದ ಉತ್ತರವೂ ಉಪಯೋಗಕ್ಕೆ ಬಂತು. ಮೇಲಿನ ತುದಿಯ 1,105 ಅನ್ನೇ ನಿಜ ಅಂದುಕೊಂಡರೂ ಇಡೀ ಸಮುದ್ರಕ್ಕೆ ಅದು ತೀರಾ ಕಡಿಮೆ. ಜೊತೆಗೆ ಪ್ರಾಣಿಗಳು ಮರಿ ಹಾಕುವ ಕಾಲದಲ್ಲಿ ಗೋಟ್‌ಲ್ಯಾಂಡ್ ದ್ವೀಪದ ದಕ್ಷಿಣಕ್ಕಿರುವ ಆಳವಿಲ್ಲದ ದಿಬ್ಬಗಳ ಹತ್ತಿರ ಸೇರುತ್ತವೆ ಎಂದು ಯಂತ್ರಗಳು ತೋರಿಸಿದವು. 2016ರಲ್ಲಿ ಸ್ವೀಡನ್ ಆ ಜಾಗವನ್ನು ಸಂರಕ್ಷಿತ ಪ್ರದೇಶವಾಗಿ ಆರಿಸಿತು.

ಪ್ರಶ್ನೆ: ಈ ಎಣಿಕೆಯಿಂದ ಯಾವುದಾದರೂ ನಿರ್ಧಾರ ಬದಲಾಗಿದೆಯೇ? ಅಥವಾ ಲೆಕ್ಕ ಕಾಗದದಲ್ಲೇ ಉಳಿಯುತ್ತದೆಯೇ? (ಹಿರಿಯ ನಾಗರಿಕರು)

ಎರಡು ಕಥೆ ಹೇಳುತ್ತೇನೆ ಹಿರಿಯರೇ. ಒಂದು ಸಂತೋಷದ್ದು, ಇನ್ನೊಂದು ಅಲ್ಲ.

ಅಲಾಸ್ಕದ ಉತ್ತರ ತುದಿಯಲ್ಲಿ ಉತ್ಕಿಯಾಗ್ವಿಕ್ ಎಂಬ ಊರಿದೆ. ಮೊದಲು ಅದಕ್ಕೆ ಬ್ಯಾರೋ ಎನ್ನುತ್ತಿದ್ದರು. ಅಲ್ಲಿನ ಇನ್ಯುಪಿಯಾಟ್ ಜನ ಬೋಹೆಡ್ ತಿಮಿಂಗಿಲವನ್ನು ತಲೆತಲಾಂತರದಿಂದ ಆಹಾರಕ್ಕಾಗಿ ಬೇಟೆಯಾಡುತ್ತಾ ಬಂದವರು. 1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಆ ಬೇಟೆಗೆ ತಡೆ ಹಾಕಿತು. ಪ್ರಾಣಿಗಳು ಒಂದೆರಡು ಸಾವಿರಕ್ಕಿಂತ ಜಾಸ್ತಿ ಉಳಿದಿಲ್ಲ ಎಂಬುದು ಆಗಿನ ಅಂದಾಜು. ಎಣಿಸುವವರು ತೀರದ ಹಿಮದ ಮೇಲೆ ಕೂತು, ಹಿಮದ ನಡುವಿನ ತೆರೆದ ನೀರಿನ ದಾರಿಯಲ್ಲಿ ಹೋಗುವ ತಿಮಿಂಗಿಲಗಳನ್ನು ನೋಡುತ್ತಿದ್ದರು. ದಾರಿ ಮುಚ್ಚಿದರೆ ಎಣಿಕೆ ನಿಲ್ಲುತ್ತಿತ್ತು. ಬೇಟೆಗಾರರು ಹೇಳಿದ್ದು ಬೇರೆ. ದಾರಿ ಮುಚ್ಚಿದರೂ ತಿಮಿಂಗಿಲ ನಿಲ್ಲುವುದಿಲ್ಲ, ಹಿಮದ ಕೆಳಗೇ ಹೋಗುತ್ತದೆ, ತಲೆಯಿಂದ ಹಿಮ ಒಡೆದು ಉಸಿರಾಡುತ್ತದೆ. ನಿಮ್ಮ ಕಣ್ಣಿಗೆ ಬೀಳದಷ್ಟು ದೂರದಲ್ಲೂ ಹೋಗುತ್ತದೆ. ಹ್ಯಾರಿ ಬ್ರೋವರ್ ಎಂಬ ಹಿರಿಯ ಬೇಟೆ ನಾಯಕರು ಇದನ್ನು ಟಾಮ್ ಆಲ್ಬರ್ಟ್ ಎಂಬ ವಿಜ್ಞಾನಿಗೆ ತಾಳ್ಮೆಯಿಂದ ವಿವರಿಸಿದರು. ಆಲ್ಬರ್ಟ್ ಕೇಳಿಸಿಕೊಂಡರು.

1980ರ ದಶಕದಲ್ಲಿ ಹಿಮದ ಅಂಚಿನಿಂದ ನೀರಿಗೆ ಹೈಡ್ರೋಫೋನ್‌ಗಳು ಇಳಿದವು. ಕ್ರಿಸ್ಟೋಫರ್ ಕ್ಲಾರ್ಕ್ ಮತ್ತು ಜೊತೆಗಾರರು ಕೂಗು ಬಂದ ಜಾಗಗಳನ್ನು ಲೆಕ್ಕ ಹಾಕಿದರು. ನೀರಿನ ದಾರಿ ಮುಚ್ಚಿದ್ದಾಗಲೂ ತಿಮಿಂಗಿಲಗಳು ಸಾಗುತ್ತಿದ್ದವು, ಕಣ್ಣಳತೆಯ ಆಚೆಯೂ ಸಾಗುತ್ತಿದ್ದವು. ಬೇಟೆಗಾರರ ಮಾತು ನಿಜವಾಗಿತ್ತು. ಕಣ್ಣಿನ ಲೆಕ್ಕಕ್ಕೆ ಕಿವಿಯ ಲೆಕ್ಕ ಸೇರಿಸಿದ ಮೇಲೆ ಅಂದಾಜು ಮೇಲೇರಿತು, ಬೇಟೆಯ ಮಿತಿಯೂ ಬದಲಾಯಿತು. 2001ಕ್ಕೆ ಸುಮಾರು 10,500 ಬೋಹೆಡ್‌ಗಳು, 2011ಕ್ಕೆ ಸುಮಾರು 16,900. ವರ್ಷಕ್ಕೆ 3.7% ಬೆಳವಣಿಗೆ. ಇಲ್ಲಿ ಹೈಡ್ರೋಫೋನ್‌ಗಿಂತ ಮೊದಲು ಕೇಳಿಸಿಕೊಳ್ಳಬೇಕಾಗಿದ್ದದ್ದು ಆ ಜನರ ಮಾತನ್ನು.

ಇನ್ನೊಂದು ಕಥೆ ಮೆಕ್ಸಿಕೋದ ಕ್ಯಾಲಿಫೋರ್ನಿಯ ಕೊಲ್ಲಿಯದು. ಅಲ್ಲಿ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ವಕೀಟಾ ಎಂಬ ಪುಟ್ಟ ಪೋರ್ಪಸ್ ಇದೆ. ಒಂದೂವರೆ ಮೀಟರ್ ಉದ್ದ, ದೋಣಿ ಕಂಡರೆ ದೂರ ಹೋಗುವ ಸ್ವಭಾವ. ಕಣ್ಣಿಗೆ ಸಿಗುವುದೇ ಕಷ್ಟ. ಅದರ ಕ್ಲಿಕ್ ನಮ್ಮ ಕಿವಿಗೆ ಕೇಳಿಸದಷ್ಟು ಎತ್ತರದ ಸ್ವರದ್ದು, ಕೆಲವು ನೂರು ಮೀಟರ್ ದಾಟುವುದಿಲ್ಲ. 2011ರಿಂದ 46 ಜಾಗಗಳಲ್ಲಿ ಕ್ಲಿಕ್ ಯಂತ್ರ ಇಟ್ಟರು. ಇಲ್ಲಿ ಒಂದು ಅನುಕೂಲವಿತ್ತು. ಪ್ರತಿ ವರ್ಷ ಅದೇ ಜಾಗ, ಅದೇ ಯಂತ್ರ, ಅದೇ ಕಾಲ. ಒಂದು ಪ್ರಾಣಿ ಎಷ್ಟು ಕ್ಲಿಕ್ ಮಾಡುತ್ತದೆ ಎಂದು ತಿಳಿಯದಿದ್ದರೂ ನಡೆಯುತ್ತದೆ. ಆ ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗದಿದ್ದರೆ ಸಾಕು, ಏರಿಳಿತ ಗೊತ್ತಾಗುತ್ತದೆ.

ಗೊತ್ತಾದದ್ದು ಇಳಿತ. 2011ರಿಂದ 2014ರವರೆಗೆ ವರ್ಷಕ್ಕೆ 34%. 100 ಇದ್ದದ್ದು ಮೂರೇ ವರ್ಷದಲ್ಲಿ 29 ಆಗುವ ವೇಗ ಇದು. ಟೊಟೊಆಬಾ ಎಂಬ ಮೀನಿನ ಗಾಳಿಚೀಲಕ್ಕೆ ಕಳ್ಳ ಮಾರುಕಟ್ಟೆಯಲ್ಲಿ ಭಾರೀ ಬೆಲೆ. ಅದಕ್ಕಾಗಿ ನೀರಿನಲ್ಲಿ ಪರದೆಯಂತೆ ಇಳಿಬಿಡುವ ಗಿಲ್ ಬಲೆಯಲ್ಲಿ ವಕೀಟಾ ಸಿಕ್ಕಿ, ಉಸಿರುಗಟ್ಟಿ ಸಾಯುತ್ತದೆ. ಮೆಕ್ಸಿಕೋ ಸರ್ಕಾರ 2015ರಲ್ಲಿ ಆ ಬಲೆಗಳಿಗೆ ತಾತ್ಕಾಲಿಕ ನಿಷೇಧ ಹಾಕಿತು, 2017ರಲ್ಲಿ ಕಾಯಂ ಮಾಡಿತು. ಕಳ್ಳ ಬಲೆ ನಿಲ್ಲಲಿಲ್ಲ. 2018ರ ಬೇಸಿಗೆಗೆ ಉಳಿದಿದ್ದು 19ಕ್ಕಿಂತ ಕಡಿಮೆ. ಯಂತ್ರಗಳಲ್ಲಿ ಕ್ಲಿಕ್ ಸಿಕ್ಕ ಜಾಗಕ್ಕೆ ಹಡಗು ಕಳಿಸಿ ನೋಡುವ ಕೆಲಸ ಈಗಲೂ ನಡೆಯುತ್ತಿದೆ. 2023ರಲ್ಲಿ ಹೀಗೆ 10ರಿಂದ 13 ವಕೀಟಾಗಳನ್ನು, 2024ರಲ್ಲಿ 6ರಿಂದ 8 ವಕೀಟಾಗಳನ್ನು ಕಂಡರು. ಲೆಕ್ಕ ಸರಿಯಾಗಿತ್ತು, ಸಮಯಕ್ಕೆ ಸಿಕ್ಕಿತ್ತು, ನಿಷೇಧವನ್ನೂ ತಂದಿತ್ತು. ಬಲೆಯನ್ನು ನೀರಿನಿಂದ ಎತ್ತಬೇಕಾದವರು ಬೇರೆಯವರು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ಮನೆಯಲ್ಲೇ ಕೂತು ತಿಮಿಂಗಿಲದ ಸದ್ದು ಕೇಳಲು ದಾರಿ ಇದೆಯೇ? (ಕಾಲೇಜು ವಿದ್ಯಾರ್ಥಿಗಳು, ಮತ್ತು ಅದೇ ಒಂಬತ್ತನೇ ತರಗತಿ ಹುಡುಗಿ)

ಇದೆ. ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯಲ್ಲಿ ಸುಮಾರು 900 ಮೀಟರ್ ಆಳದಲ್ಲಿ ಒಂದು ಹೈಡ್ರೋಫೋನ್ ಇದೆ. ಅಲ್ಲಿನ ಸಾಗರ ಸಂಶೋಧನಾ ಸಂಸ್ಥೆ ಎಂಬಾರಿ ಅದರ ಸದ್ದನ್ನು ಇಂಟರ್ನೆಟ್‌ನಲ್ಲಿ ನೇರವಾಗಿ ಕೇಳಿಸುತ್ತದೆ. ನೋವಾ ತಾಣದಲ್ಲೂ ಜಾತಿವಾರು ಧ್ವನಿ ತುಣುಕುಗಳಿವೆ. ಹಂಪ್‌ಬ್ಯಾಕ್‌ನಿಂದ ಶುರು ಮಾಡಿ, ಅದು ಮನುಷ್ಯರ ಕಿವಿಗೆ ಚೆನ್ನಾಗಿ ಕೇಳಿಸುತ್ತದೆ. ಫಿನ್ ತಿಮಿಂಗಿಲದ ಮಿಡಿತ 20 ಹರ್ಟ್ಸ್ ಆಸುಪಾಸಿನದು, ನಮ್ಮ ಕೇಳ್ಮೆಯ ಕೆಳಗಿನ ಅಂಚು. ಫೋನಿನ ಸ್ಪೀಕರ್‌ನಲ್ಲಿ ಅದು ಬರುವುದೇ ಇಲ್ಲ, ಹಾಗಾಗಿ ಫೈಲ್ ಹಾಳಾಗಿದೆ ಅಂದುಕೊಳ್ಳಬೇಡಿ. ನೀಲಿ ಮತ್ತು ಫಿನ್ ತಿಮಿಂಗಿಲಗಳ ತುಣುಕುಗಳನ್ನು ಹತ್ತು ಪಟ್ಟು ವೇಗದಲ್ಲಿ ಹಾಕಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅದೇ ಫೈಲಿನ ಸ್ಪೆಕ್ಟ್ರೋಗ್ರಾಂ ಕೂಡ ತೆರೆಯುತ್ತದೆ. ಹತ್ತು ನಿಮಿಷದ ತುಣುಕಿನಲ್ಲಿ ಎಷ್ಟು ಕೂಗುಗಳಿವೆ ಎಂದು ಮೊದಲು ಕಿವಿಯಿಂದ, ಆಮೇಲೆ ಚಿತ್ರ ನೋಡಿ ಎಣಿಸಿ. ಎರಡೂ ಎಣಿಕೆ ಬೇರೆ ಬಂದರೆ ನನಗೆ ಬರೆದು ತಿಳಿಸಿ, ಯಾವ ಕೂಗಿನ ಬಗ್ಗೆ ಅನುಮಾನ ಬಂತು ಎಂಬುದನ್ನೂ ಸೇರಿಸಿ.